ಸಿದ್ದಣ್ಣನ ಒಂಬತ್ತು

ಸಿದ್ದಣ್ಣ, ಆ ಗಾಜಿನ ಮೇಲೆ ನೀವು ಬರೆದಿದ್ದ ಅಂಕಿಗಳು ಸರಿಯಾಗಿಯೇ ಇದ್ದವು. ತಪ್ಪು ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನೇ. ಗಂಟೆಗಟ್ಟಲೆ ಪಾಠ ಹೇಳುವ ಈ ಬಾಯಿಗೆ ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಿಂದ ಹೋಗಿ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಸಂಶೋಧನೆಗೆ ಸೇರಿದ್ದೆ. ನೀವು ಅಲ್ಲಿ ಕಲ್ಲು ಉಜ್ಜುವವರು. ನಾವು ತಂದ ಕಲ್ಲನ್ನು ಬಿಲ್ಲೆಯಾಗಿ ಕೊಯ್ದು, ಗಾಜಿಗೆ ಅಂಟಿಸಿ, ಸಾಣೆಯ ಪುಡಿ, ನೀರು ಹಾಕಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುತ್ತಿದ್ದಿರಿ. ಒಂದು ಸುತ್ತು ಹೆಚ್ಚಾದರೆ ಕಲ್ಲೇ ಮಾಯ. ನಿಮ್ಮ ಕೈಯಲ್ಲಿ ಹಾಗಾದದ್ದನ್ನು ನಾನೆಂದೂ ನೋಡಿಲ್ಲ. ಕೊನೆಗೆ ಗಾಜಿನ ಮೂಲೆಯಲ್ಲಿ ಕಲ್ಲಿನ ಸಂಖ್ಯೆ ಬರೆಯುತ್ತಿದ್ದಿರಿ — ಕನ್ನಡದ ಅಂಕಿಯಲ್ಲಿ. ಇಡೀ ವಿಭಾಗದಲ್ಲಿ ಹಾಗೆ ಬರೆಯುತ್ತಿದ್ದವರು ನೀವೊಬ್ಬರೇ. ನಾವು ರೇಗಿಸಿದರೆ, ನಮ್ಮೂರು ಕುದೇರಿನ ಮೇಷ್ಟ್ರು ಹೊಡೆದು ಕಲಿಸಿದ್ದು, ಹೇಗೆ ಬಿಡೋದು ಎಂದು ನಗುತ್ತಿದ್ದಿರಿ. ನಮ್ಮ ಕಡೆಯ ಹುಡುಗಿ ಎಂದು ನನ್ನ ಕಲ್ಲುಗಳಿಗೆ ಯಾವಾಗಲೂ ಮೊದಲ ಸರದಿ.

ಕಲ್ಲು ಒಡೆದ ಜಾಗದಲ್ಲೇ ಅದರ ಮೇಲೆ ಸಂಖ್ಯೆ ಬರೆಯಬೇಕು. ನಮಗೆ ಮೊದಲ ದಿನ ಕಲಿಸಿದ ಪಾಠ ಅದು. ನಮ್ಮೂರ ಬಳಿಯ ಹಂಗಳದಲ್ಲಿ ಒಡೆದದ್ದಕ್ಕೆ ಆಮೇಲೆ ಬರೆದರಾಯಿತು ಎಂದುಕೊಂಡೆ. ನಮ್ಮ ತಾಲ್ಲೂಕಿನದೇ ಕಾಡಂಚಿನ ಮದ್ದೂರಿನ ಹತ್ತಿರ ಇನ್ನೊಂದನ್ನು ಒಡೆಯುವಾಗ ಆನೆ ಇದೆ ಎಂದು ಗಾರ್ಡ್ ಅವಸರ ಮಾಡಿದ. ಎರಡನ್ನೂ ಚೀಲಕ್ಕೆ ತುರುಕಿದೆ. ಬಸ್ಸಿನಲ್ಲಿ ಕೂತು ಅಂದಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದೆ. ನನ್ನ ಟಿಪ್ಪಣಿ ಪುಸ್ತಕದ ಪ್ರಕಾರ ಆರು ಆಗಬೇಕಿದ್ದ ಹಂಗಳದ ಕಲ್ಲು ಒಂಬತ್ತಾಯಿತು, ಮದ್ದೂರಿನ ಒಂಬತ್ತು ಆರಾಯಿತು.

ನಿಮಗೆ ಉಜ್ಜುವಾಗಲೇ ಅನುಮಾನ ಬಂದಿತ್ತು. “ಅಮ್ಮಿ, ಒಂಬತ್ತು ಅಂತ ಕೊಟ್ಟಿದ್ದೀಯಲ್ಲ, ಇದು ಹಂಗಳದ ಕಲ್ಲು ಕಣಮ್ಮಿ. ಕೈಗೆ ಗೊತ್ತಾಯ್ತದೆ” ಎಂದಿರಿ. ಹಂಗಳದ ಕಲ್ಲನ್ನು ನೀವೆಷ್ಟು ಉಜ್ಜಿದ್ದಿರೋ! ನಾನು ನಕ್ಕುಬಿಟ್ಟೆ. ಓದಿದವಳು ನಾನಲ್ಲವೇ —

ಒಂದು ಬೆಳಿಗ್ಗೆ ಪ್ರೊಫೆಸರು ಆ ಗಾಜುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಂಗಳದ ಕಲ್ಲಿನಲ್ಲಿ ತಾವೇ ಕಂಡಿದ್ದ ಕೆಂಪು ಹರಳು ಆರನೇ ಗಾಜಿನಲ್ಲಿಲ್ಲ, ಒಂಬತ್ತರಲ್ಲಿದೆ. ಇದು ಹೇಗೆ ಎಂದು ಎಲ್ಲರೆದುರು ಕೇಳಿದರು. ನನ್ನ ಸಂಶೋಧನೆಯೇ ಹೋಯಿತು ಅನ್ನಿಸಿತು.

“ಸಿದ್ದಣ್ಣ ಕನ್ನಡದ ಅಂಕಿ ಬರೀತಾರೆ ಸರ್. ಆರು, ಒಂಬತ್ತು ಒಂದೇ ಥರ ಕಾಣುತ್ತೆ. ಅದಲುಬದಲಾಗಿದೆ” ಎಂದೆ.

ಊಟವಾದ ಮೇಲೆ ಮೂಲ ಕಲ್ಲುಗಳನ್ನು ತಂದಿಡಿ ಎಂದರು ಪ್ರೊಫೆಸರು. ಬಾಯಿ ಸುಳ್ಳು ಹೇಳಿದ್ದು ಸಾಲದೆಂದು ಆಮೇಲೆ ಕೈಯೂ ಸುಳ್ಳು ಬರೆಯಿತು. ಎಲ್ಲರೂ ಊಟಕ್ಕೆ ಹೋದಾಗ ಬ್ಲೇಡಿನಿಂದ ಕಲ್ಲಿನ ಮೇಲಿನ ಸಂಖ್ಯೆಗಳನ್ನು ಕೆರೆದು, ಅದಲುಬದಲು ಮಾಡಿ ಬರೆದೆ. ಈಗ ನನ್ನ ಕಲ್ಲು ಸರಿ, ನಿಮ್ಮ ಗಾಜು ತಪ್ಪು.

ಊಟದ ನಂತರ ನಿಮ್ಮನ್ನೂ ಕರೆಸಿದರು. ನೀವು ಕಲ್ಲನ್ನು ಎತ್ತಿ ನೋಡಿದಿರಿ. ಬಣ್ಣ ಇನ್ನೂ ಹಸಿಯಾಗಿತ್ತು, ನಿಮ್ಮ ಹೆಬ್ಬೆರಳಿಗೆ ಹತ್ತಿತು. ಬೆರಳು ನೋಡಿಕೊಂಡಿರಿ, ನನ್ನನ್ನು ನೋಡಿದಿರಿ. ಆಮೇಲೆ ಖಾಕಿ ಅಂಗಿಗೆ ಒರೆಸಿಕೊಂಡಿರಿ. ನಾಳೆಯಿಂದ ಉಜ್ಜುವ ಕೋಣೆಗೆ ಬರುವುದು ಬೇಡ, ಮ್ಯೂಸಿಯಂ ನೋಡಿಕೊಳ್ಳಿ ಎಂದು ಪ್ರೊಫೆಸರು ಹೇಳಿದರು. ಹೊರಗೆ ನನ್ನನ್ನು ಕಂಡು ಇಷ್ಟೇ ಹೇಳಿದಿರಿ:

“ಓಗ್ಲಿ ಬುಡಮ್ಮಿ. ನಿನ್ ಓದು ಮುಗೀಲಿ.”

ಓದು ಮುಗಿಯಿತು. ಅಲ್ಲೇ ಕೆಲಸವೂ ಸಿಕ್ಕಿತು. ನೀವು ನಿವೃತ್ತಿಯವರೆಗೂ ಮ್ಯೂಸಿಯಂ ಬೀರುಗಳಲ್ಲಿದ್ದ ಕಲ್ಲುಗಳ ಧೂಳು ಒರೆಸಿದಿರಿ. ಒಮ್ಮೆ ಚೀಟಿಗೆ ಸಂಖ್ಯೆ ಹಾಕಬೇಕಿತ್ತು. ನೀವು ಪೆನ್ನನ್ನು ಅಟೆಂಡರ್ ಕೈಗೆ ಕೊಟ್ಟು, ನೀನೇ ಬರಿ ಎಂದಿರಿ. ನಾನು ಬಾಗಿಲಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ನಿಮ್ಮಿಂದ ಕಸಿದದ್ದು ಉಜ್ಜುವ ಕೆಲಸವೊಂದೇ ಅಲ್ಲ ಎಂದು ಅಲ್ಲಿ ನಿಂತೇ ತಿಳಿದುಕೊಂಡೆ.

ಈಗ ವಿಭಾಗದ ಚರಿತ್ರೆಯ ಪುಸ್ತಕ ಬರುತ್ತಿದೆ. ಉಜ್ಜುವ ಕೋಣೆಯ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಸಂಪಾದಕರು ನನಗೇ ಹೇಳಿದರು. ಮೇಲೆ ಹೇಳಿದ್ದನ್ನೆಲ್ಲ ಅದರಲ್ಲಿ ಬರೆದಿದ್ದೇನೆ, ನನ್ನ ಹೆಸರು ಹಾಕಿಯೇ. ಹಳೆಯದೆಲ್ಲ ಈಗ ಯಾಕೆ ಮೇಡಂ ಎಂದರು. ತೆಗೆಯುವುದಿಲ್ಲ ಎಂದೆ.

ಭಾನುವಾರ ಕುದೇರಿಗೆ ಬರುತ್ತಿದ್ದೇನೆ. ನಿಮ್ಮ ಮನೆಯವರೆಲ್ಲ ಇರುವಾಗ ಆ ಪುಟವನ್ನು ಗಟ್ಟಿಯಾಗಿ ಓದುತ್ತೇನೆ. ಓಗ್ಲಿ ಬುಡು ಎಂದು ಇನ್ನೊಮ್ಮೆ ಹೇಳಬೇಡಿ ಸಿದ್ದಣ್ಣ, ಅದನ್ನು ಹೊರುವ ಶಕ್ತಿ ನನಗಿಲ್ಲ. ಪುಟದ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದೇನೆ. ಅದು ಒಂಬತ್ತನೇ ಪುಟ. ನೀವು ಬರೆದರೆ ನಿಮ್ಮ ಅಂಕಿಯೇ ಅಚ್ಚಾಗುತ್ತದೆ. ಬರೆಯುವುದಿಲ್ಲ ಎಂದರೆ ಆ ಜಾಗ ಖಾಲಿಯಾಗಿಯೇ ಇರಲಿ.