ಎಡಬಲವಾದ ಬೋರ್ಡು

ಆ ಶನಿವಾರವೂ ಎಂದಿನಂತೆ ಹಾಲು ಕಾಯಿಸಿ, ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಊಟದ ಮೇಜನ್ನು ಒರೆಸಿ ಖಾಲಿ ಮಾಡಿಕೊಟ್ಟೆ. ರಜೆಯ ದಿನ ಆ ಮೇಜು ನನ್ನ ಯಜಮಾನರದು. ವಾರವಿಡೀ ರಕ್ಷಣಾ ಕಾರ್ಖಾನೆಯಲ್ಲಿ ದುಡಿದರೂ ಅವರಿಗೆ ಸರ್ಕ್ಯೂಟಿನ ಹುಚ್ಚು ಬಿಡದು. ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ತುಂಬಿದಾಗ ಕೂಗುವ ಅಲಾರಂ ಮಾಡುತ್ತಿದ್ದರು.

ಮೊದಲೆಲ್ಲ ತಾಮ್ರ ಹೊದಿಸಿದ ಹಲಗೆಯ ಮೇಲೆ, ಸರ್ಕ್ಯೂಟಿನ ತಂತಿಗಳಾಗುವ ಗೆರೆಗಳನ್ನು ಎಳೆಯುತ್ತಿದ್ದವಳು ನಾನು. ಕಾನ್ವೆಂಟಿನ ಸಿಸ್ಟರುಗಳು ನಾಲ್ಕು ಗೆರೆಯ ಕಾಪಿಯಲ್ಲಿ ಪಳಗಿಸಿದ ಕೈ. ಮಾರ್ಕರ್ ಪೆನ್ನಿನಿಂದ ಎಷ್ಟು ಒತ್ತಾಗಿ ಎಳೆದರೂ ಒಂದು ಗೆರೆ ಇನ್ನೊಂದಕ್ಕೆ ತಾಕುತ್ತಿರಲಿಲ್ಲ. ಗೆರೆಯಡಿಯ ತಾಮ್ರ ಉಳಿದು, ಮಿಕ್ಕಿದ್ದು ಫೆರಿಕ್ ಕ್ಲೋರೈಡಿನ ಕಂದು ನೀರಿನಲ್ಲಿ ಕರಗುವುದನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದೆವು.

ಆಮೇಲೆ ನಾರಾಯಣಗೂಡದ ಝೆರಾಕ್ಸ್ ಅಂಗಡಿಯಿಂದ ಹಳೆಯ ಲ್ಯಾಮಿನೇಷನ್ ಯಂತ್ರ ಬಂತು. ದಪ್ಪ ಹಲಗೆ ತೂರುವಂತೆ ಇವರು ಅದರ ರೋಲರ್ ಸಡಿಲಿಸಿ, ಶಾಖ ಹೆಚ್ಚಿಸಿದರು. ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು, ತಾಮ್ರಕ್ಕೆ ಒತ್ತಿ, ಏಳೆಂಟು ಬಾರಿ ತೂರಿಸಿದರೆ ಟೋನರ್ ಮಸಿಯ ಕಪ್ಪು ಗೆರೆಗಳು ಕರಗಿ ತಾಮ್ರಕ್ಕೇ ಹಿಡಿಯುತ್ತವೆ. ಪ್ರಿಂಟ್ ತಂದುಕೊಡುವವಳು ಎದುರು ಮನೆಯವಳು, ಕಲಬುರಗಿ ಕಡೆಯ ಸಾಫ್ಟ್‌ವೇರ್ ಇಂಜಿನಿಯರ್. ನನ್ನ ಕುರ್ಚಿಯಲ್ಲಿ ಈಗ ಅವಳು ಕೂರುತ್ತಿದ್ದಳು.

ಹಿಂದಿನ ವಾರ ಇವರು ಅವಳಿಗೆ ವಿವರಿಸುತ್ತಿದ್ದುದನ್ನು ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಂಡಿದ್ದೆ. ಕಾಗದದಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವಾಗಿರಬೇಕು, ಆಗ ತಾಮ್ರದ ಮೇಲೆ ನೆಟ್ಟಗೆ ಬರುತ್ತವೆ. ಇಷ್ಟು ವರ್ಷಗಳಲ್ಲಿ ನನಗೆ ಅವರು ಅಷ್ಟು ತಾಳ್ಮೆಯಿಂದ ಏನನ್ನೂ ವಿವರಿಸಿದ್ದಿಲ್ಲ.

ಅಂದು ಅವಳು ಹಾಳೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ಮೂಲೆಯಲ್ಲಿದ್ದ ಪುಟ್ಟ ಅಕ್ಷರಗಳು ತಿರುವಾಗಿರಲಿಲ್ಲ, ಸಲೀಸಾಗಿ ಓದಬಹುದಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಇವರು ಅವಳ ಕಡೆಯ ಮಾತಿನಲ್ಲೇ, "ಬಾರವಾ, ನಿನ್ನ ದಾರೀನ ಕಾಯಾಕತ್ತಿದ್ದೆ," ಎಂದರು.

ಹಾಳೆಯನ್ನು ಇನ್ನೊಮ್ಮೆ ನೋಡಿ, ಮೇಜಿನ ಮೇಲಿಟ್ಟು ಒಗ್ಗರಣೆಗೆ ಹೋದೆ.

ಯಂತ್ರದ ಬಿಸಿ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು, ಅವರಿಬ್ಬರ ನಗುವೂ. ಕಾಗದ ನೆನೆಸಿ ತಿಕ್ಕಿ, ತಾಮ್ರ ಕರಗಿಸಿ, ತೂತು ಕೊರೆದು, ಐಸಿ ಚಿಪ್ ಕೂರಿಸುವವರೆಗೂ ಇಬ್ಬರಿಗೂ ಗೊತ್ತಾಗಲಿಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದು ಇಡೀ ಸರ್ಕ್ಯೂಟು ಎಡಬಲವಾಗಿತ್ತು. ಕೋಠಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಹಲಗೆಗಳಲ್ಲಿ ಅದೇ ಕೊನೆಯದು. ನೋಡದೆ ಹೋದದ್ದು ತಮ್ಮದೇ ತಪ್ಪೆಂದು ಇವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವಳು ಸಪ್ಪೆ ಮುಖ ಮಾಡಿಕೊಂಡು ಮನೆಗೆ ಹೋದಳು. ನನಗೆ ಸಂತೋಷವಾಯಿತು, ಬರೆಯಲು ಈಗಲೂ ನಾಚಿಕೆ.

ಸಂಜೆ ಚಹಾ ಕುಡಿಯುವಾಗ ಇವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಯಂತ್ರದ ಸಹವಾಸ ಸಾಕು, ಹೊಸ ಹಲಗೆಗೆ ನೀನೇ ಗೆರೆ ಎಳೆದುಕೊಡು ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಅವಳು ಕರಿಬೇವು ಕೇಳಿಕೊಂಡು ಬಂದಳು. ಕೊಟ್ಟ ಕಡ್ಡಿಯಿಂದ ಎಲೆ ಬಿಡಿಸುತ್ತ ಬಾಗಿಲಲ್ಲೇ ನಿಂತು ಇವರಿಗೆ ಹೇಳಿದಳು:

"ತಪ್ಪು ನಂದೂ ಐತ್ರಿ ಸರ್. ಮುಂಜಾನೆ ಅಕ್ಕಾರು ಆ ಹಾಳಿ ಭಾಳೊತ್ತು ಹಿಡಕೊಂಡು ನೋಡಿದ್ರು, ಏನೂ ಅನ್ನಲಿಲ್ಲ. ಎಲ್ಲಾ ಸರಿ ಐತಿ ಅಂದ್ಕೊಂಡೆ."