ಒಂದೇ ಮೂಲದ ಸುದ್ದಿ

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ನಮ್ಮ ಮಹಡಿಯಲ್ಲೇ ಎದುರು ಮನೆಯಾಕೆಯ ಗಂಡ ಡೀಸೆಲ್ ಎಂಜಿನ್ ಮೆಕ್ಯಾನಿಕ್. ಆ ಚಳಿಗಾಲ ಅವರು ಆಫ್ರಿಕಾದ ಕರಾವಳಿಗೆ ಹೋಗಿದ್ದರು. ಮೀನುಗಾರಿಕೆ ಕಂಪನಿಯೊಂದರ ಬೋಟುಗಳ ರಿಪೇರಿ, ಮೂರು ತಿಂಗಳ ಕೆಲಸ ಎಂದು ಹೆಂಡತಿಗೆ ಹೇಳಿದ್ದರು. ಅಂಥ ಕಂಪನಿ ಇರಲಿಲ್ಲ. ಬೋಟಿನಲ್ಲಿ ಬಂದೂಕುಗಳಿದ್ದವು. ಪುಟ್ಟ ದ್ವೀಪ ದೇಶವೊಂದರ ಅಧ್ಯಕ್ಷನನ್ನು ಇಳಿಸಲು ಇಪ್ಪತ್ತು ಚಿಲ್ಲರೆ ಬಾಡಿಗೆ ಸಿಪಾಯಿಗಳು ಸದ್ದಿಲ್ಲದೆ ಬಂದರಿಗೆ ಬಂದಿಳಿದಿದ್ದರು. ಅಲ್ಲಿನ ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಯಾರೂ ಒಂದು ಗುಂಡು ಹಾರಿಸುವ ಮುಂಚೆ ಎಲ್ಲರನ್ನೂ ಹಿಡಿದರು.

ಆಕೆಗೆ ಇದು ತಿಳಿದದ್ದು ಸ್ಥಳೀಯ ಪತ್ರಿಕೆಯ ಆರು ಸಾಲಿನಿಂದ. ಪತ್ರಿಕೆ ಹಿಡಿದುಕೊಂಡೇ ನಮ್ಮ ಬೆಲ್ ಒತ್ತಿದರು.

“ನೀವು ಪತ್ರಿಕೆಯಲ್ಲಿ ಇದ್ದವರು. ಇಂಗ್ಲಿಷ್ ಓದುತ್ತೀರಿ. ಇನ್ನೇನಾದರೂ ಬಂದಿದೆಯಾ ನೋಡಿ ಹೇಳುತ್ತೀರಾ?”

ನಾನು ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಒಂಬತ್ತು ವರ್ಷ ಉಪಸಂಪಾದಕಿಯಾಗಿದ್ದೆ. ಸಾಫ್ಟ್‌ವೇರಿನವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಗಂಡನಿಗೆ ಸಿಕ್ಕಿದ ಮೇಲೆ ಇಲ್ಲಿಗೆ ಬಂದೆವು. ನನಗೆ ಮೊದಲ ವರ್ಷ ದುಡಿಯುವ ಪರವಾನಗಿ ಇರಲಿಲ್ಲ. ಆಯಿತು ಎಂದೆ.

ದಿನಾ ಹತ್ತಕ್ಕೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾವ ಸುದ್ದಿ ಏಜೆನ್ಸಿ, ಎಷ್ಟು ಗಂಟೆಗೆ, ಹೇಳಿದವರು ಯಾರು. ಹನ್ನೊಂದಕ್ಕೆ ಆಕೆ ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದರು. ನನ್ನ ಅರೆಬರೆ ಜರ್ಮನ್‌ನಲ್ಲಿ ಓದಿ ಹೇಳುತ್ತಿದ್ದೆ. ಮೊದಲ ವಾರ ಬಂಧಿತರ ಪಟ್ಟಿ ಬಂತು. ಗಂಡನ ಹೆಸರು ಹದಿನಾಲ್ಕನೆಯದು. ಬದುಕಿದ್ದಾರೆ ಎಂದಾಯಿತು. ಆಕೆ ಎರಡು ಕಪ್ ಕಾಫಿ ಕುಡಿದರು.

ಭಾನುವಾರ ನನ್ನ ಗಂಡನ ಸಹೋದ್ಯೋಗಿ, ಮೈಸೂರಿನ ಹುಡುಗ, ಊಟಕ್ಕೆ ಬಂದಿದ್ದ.

“ದೇಶ ಹಿಡಿಯೋಕೆ ಹೋಗಿ ಬಂದರಲ್ಲೇ ತಗಲಾಕೊಂಡ್ರಾ ಗುರು? ಟೆಸ್ಟಿಂಗೇ ಮಾಡ್ದೆ ರಿಲೀಸ್ ಮಾಡವ್ರೆ ಬಿಡು!”

“ಮೆಲ್ಲಕ ಮಾತಾಡೋ, ಹೊರಗ ಟ್ರೆಪ್ಪನ್‌ಹೌಸ್‌ನ್ಯಾಗ ಮೆಟ್ಟಲಾ ಒರಸಾಕತ್ತಾಳ ಆಕಿ,” ಎಂದರು ನನ್ನ ಗಂಡ. “ಈ ವಾರ ಆಕೀದ ಪಾಳಿ.”

“ಕನ್ನಡ ಬರುತ್ತಾ ಅವ್ರಿಗೆ?” ಎಂದು ಅವನು ಇನ್ನಷ್ಟು ನಕ್ಕ. ನಾನೂ ನಕ್ಕೆ.

ಮೂರನೇ ವಾರದ ಮಂಗಳವಾರ ಒಂದು ಏಜೆನ್ಸಿಯಲ್ಲಿ ಮೂರು ಸಾಲು ಬಂತು: ಬಂಧಿತರಲ್ಲಿ ಒಬ್ಬ ಯುರೋಪಿಯನ್, ಸುಮಾರು ಐವತ್ತು ವರ್ಷದ ಮೆಕ್ಯಾನಿಕ್, ಜೈಲಿನಲ್ಲಿ ಸತ್ತಿದ್ದಾನೆಂದು ವಕೀಲರೊಬ್ಬರು ಹೇಳಿದ್ದಾರೆ; ಸರ್ಕಾರ ನಿರಾಕರಿಸಿದೆ. ಹೆಸರಿರಲಿಲ್ಲ.

ಸಾವು ಎಂದು ಬರೆಯಲು ಹುಬ್ಬಳ್ಳಿಯ ನಮ್ಮ ಡೆಸ್ಕಿನಲ್ಲಿ ಎರಡು ಮೂಲ ಬೇಕಿತ್ತು. ಹಿಂದೊಮ್ಮೆ ಒಂದೇ ಫೋನ್ ಕರೆ ನಂಬಿ, ಗದಗಿನ ಕಡೆಯ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡರೆಂದು ಅಚ್ಚು ಹಾಕಿದ್ದೆವು. ಮಾಸ್ತರರು ಮಧ್ಯಾಹ್ನ ಕಚೇರಿಗೇ ಬಂದು ಕೂತರು. ಸುದ್ದಿ ಓದಿದ ಅವರ ಮಗಳು ಬಿಜಾಪುರದಿಂದ ಬಸ್ಸಿನಲ್ಲಿ ಅಳುತ್ತ ಬಂದಿದ್ದಳು. ಆ ಪುಟ ಕಟ್ಟಿದವಳು ನಾನು.

ಹನ್ನೊಂದಕ್ಕೆ ಆಕೆ ಬಂದರು. “ಇವತ್ತು ಏನಾದರೂ?”

“ಇಲ್ಲ,” ಎಂದೆ.

ಸಂಜೆ ಗಂಡನಿಗೆ ತೋರಿಸಿದೆ.

“ಹೇಳಿಬಿಡು ಆಕಿಗೆ.”

“ಹೆಸರಿಲ್ಲರೀ ಅದರಾಗ. ಒಂದ ಏಜೆನ್ಸಿ. ಸರ್ಕಾರ ಅಲ್ಲ ಅಂದೈತಿ.”

“ಇಲ್ಲೇನ್ ಪೇಪರ್ ನಡಸಾಕತ್ತೀಯೇನ್ ನೀ? ಐವತ್ತರ ಮೆಕ್ಯಾನಿಕ್ ಆ ಬೋಟಿನ್ಯಾಗ ಎಷ್ಟ ಮಂದಿ ಇದ್ದಾರು?”

“ನಾಳೆ ಇನ್ನೊಂದರಾಗ ಬಂದ್ರ ಹೇಳ್ತೀನಿ.”

ಬುಧವಾರ ಇನ್ನೊಂದರಲ್ಲಿ ಬರಲಿಲ್ಲ. ಆಕೆ ಪಾರ್ಸೆಲ್ ಕಟ್ಟಿ ತಂದಿದ್ದರು. ಬಿಪಿ ಮಾತ್ರೆ, ಓದುವ ಕನ್ನಡಕ, ಎರಡು ಜೊತೆ ಉಣ್ಣೆಯ ಕಾಲುಚೀಲ. “ಆ ಸೆಕೆಯಲ್ಲಿ ಉಣ್ಣೆ! ನನ್ನನ್ನು ಬೈಯುತ್ತಾನೆ,” ಎಂದರು. ಮೇಲೆ ಜೈಲಿನ ವಿಳಾಸವನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ನಾನು ಬರೆದುಕೊಟ್ಟೆ. ಗುರುವಾರ ಏನಿಲ್ಲ. ಶುಕ್ರವಾರ ಏನಿಲ್ಲ. ಅವರು ಕೇಳಿದರು, ನಾನು ಇಲ್ಲ ಎಂದೆ.

ಶನಿವಾರ ಬರ್ಲಿನ್ನಿನಿಂದ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಆಕೆಗೆ ಫೋನ್ ಮಾಡಿದರು. ಗಂಡ ಸೋಮವಾರ ಜ್ವರದಿಂದ ಸತ್ತಿದ್ದರು. ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು ಆಗಷ್ಟೇ. ಮನೆಯವರು ಯಾರೂ ಕೇಳಿಲ್ಲವೆಂದು ಗುರುವಾರ ಜೈಲಿನ ಹಿಂದೆ ಹೂತುಬಿಟ್ಟಿದ್ದರು. ಇನ್ನು ದೇಹ ಕೊಡುವುದಿಲ್ಲ ಎಂದಿದ್ದರು.

ಆಕೆ ನಮ್ಮ ಅಡುಗೆಮನೆಗೆ ಬಂದು ನಿಂತೇ ಇದನ್ನೆಲ್ಲ ಹೇಳಿದರು. ಆಮೇಲೆ ಕೇಳಿದರು, “ಎಲ್ಲೂ ಬಂದಿರಲಿಲ್ಲವೇ?”

“ಬಂದಿತ್ತು. ಮಂಗಳವಾರ.”

“ಓದಿ.”

ನೋಟ್‌ಬುಕ್ ತೆಗೆದು ಮೂರು ಸಾಲನ್ನೂ ಓದಿದೆ. ಏಜೆನ್ಸಿಯ ಹೆಸರು, ಹೊತ್ತು, ವಕೀಲರು ಹೇಳಿದ್ದು, ಸರ್ಕಾರ ನಿರಾಕರಿಸಿದ್ದು. ಎಂದಿನ ದನಿಯಲ್ಲೇ ಓದಿದೆ.

“ಮಂಗಳವಾರ ಅವನನ್ನು ಇನ್ನೂ ಹೂತಿರಲಿಲ್ಲ. ಹೇಳಿದ್ದರೆ ನಾನು ಬರ್ಲಿನ್ನಿಗೆ ಫೋನ್ ಮಾಡುತ್ತಿದ್ದೆ. ನಮ್ಮ ಮಗ ಅಲ್ಲಿಗೆ ಹೋಗುತ್ತಿದ್ದ.”

“ಒಂದೇ ಮೂಲ ಇತ್ತು,” ಎಂದೆ.

“ನನಗೆ ಒಂದು ಸಾಕಿತ್ತು.”

ಆಕೆ ಕೂಗಾಡಲಿಲ್ಲ. ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಆಗ ಏನನ್ನಿಸಿತೆಂದು ಈಗ ಕೇಳಿದರೆ ಹೇಳಲಾರೆ. ಬೇಳೆ ತೊಳೆದು ಕುಕ್ಕರಿಗೆ ಹಾಕಿದ್ದು ನೆನಪಿದೆ. ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ಅವರು ಹೇಳಿದ್ದಷ್ಟೇ ಇದೆ, ನಾನು ಹೇಳಿದ್ದೇನೂ ಇಲ್ಲ.