ಬಕೆಟ್ಟಿನಲ್ಲಿ ಕರಗಿದ ಗಾರೆ

"ಗಾರೆ ಅರೆಯೋಳ ಮಗ ಇಂಜಿನಿಯರ್ ಆಗಾದೂ ಒಂದೇ, ಬಂಡೆಗೆ ರೆಕ್ಕೆ ಬರಾದೂ ಒಂದೇ" ಎಂದವರು ನಮ್ಮ ಹಿರಿಯೂರಿನ ಗುತ್ತಿಗೆದಾರ ರುದ್ರಪ್ಪನವರು. ನನ್ನವ್ವ ಅವರಲ್ಲೇ ಕೂಲಿಗಿದ್ದಳು. ಎಪ್ಪತ್ತರ ದಶಕದಲ್ಲಿ ನಾನು ಅದೇ ಊರಿಗೆ ಜೂನಿಯರ್ ಇಂಜಿನಿಯರ್ ಆಗಿ ಬಂದೆ. ಅವ್ವ ಇನ್ನೂ ಕೂಲಿ ಬಿಟ್ಟಿರಲಿಲ್ಲ. ರುದ್ರಪ್ಪನವರು ವೇದಾವತಿ ದಂಡೆಗೆ ಕಟ್ಟಿದ ತಡೆಗೋಡೆಗೆ ನಾನೇ ಸರ್ಟಿಫಿಕೇಟ್ ಕೊಡಬೇಕಿತ್ತು.

ಕಲ್ಲಿನ ಸಂದಿಯಿಂದ ಗಟ್ಟಿಯಾಗಿದ್ದ ಗಾರೆಯ ಹೆಂಟೆಯೊಂದನ್ನು ಕಿತ್ತು ಬಕೆಟ್ ನೀರಿಗೆ ಹಾಕಿದೆ.

"ಏನಪ್ಪ, ಕಾಲೇಜಿನಾಗೆ ಇದನ್ನೇ ಕಲಿಸಿದ್ರಾ?" ರುದ್ರಪ್ಪನವರು ನಕ್ಕರು.

ಅವರ ಬೀಡಿ ಮುಗಿಯುವಷ್ಟರಲ್ಲಿ ಹೆಂಟೆ ಅಂಬಲಿಯಾಗಿತ್ತು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸದೆ ಬರೀ ಮರಳು ಸುರಿದಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯರಿಗೆ, ನೀರಿನಲ್ಲಿ ನಿಲ್ಲುವ ಗಾರೆಗೆ ಆ ಪುಡಿ ಬೇಕೆಂಬುದು ಗೊತ್ತಿರಲಿಲ್ಲವೆಂದು ನಾನಂತೂ ನಂಬಲಿಲ್ಲ. ಗೋಡೆಯನ್ನು ಬುಡದವರೆಗೆ ಬಿಚ್ಚಿಸಿದೆ.

ಎರಡನೇ ಸಲ ಕಟ್ಟಿದ ಗೋಡೆಯ ಗಾರೆ ಮೂರು ದಿನ ನೀರಿನಲ್ಲಿದ್ದರೂ ಕರಗಲಿಲ್ಲ. ಸರ್ಟಿಫಿಕೇಟ್ ಬರೆದು ರುದ್ರಪ್ಪನವರ ಕೈಗಿಟ್ಟೆ. ಪಕ್ಕದಲ್ಲೇ ಬಾಣಲಿ ತೊಳೆಯುತ್ತಿದ್ದ ಅವ್ವ ತಲೆಯೆತ್ತದೆ ಅಂದಳು: "ಆ ಮೊದಲ್ನೇ ಗೋಡೆ ಕಟ್ಟೋವಾಗ್ಲೇ ಇವರಿಗೆ ಹೇಳಿದ್ದೆ ಕಣಪ್ಪ, ಈ ಗಾರೆ ನೀರಾಗೆ ನಿಲ್ಲಲ್ಲ ಅಂತ. ನಾನು ಓದಿರಲಿಲ್ಲ, ನೋಡು."